ಹಲಗೆಯ ಮೇಲೊಂದು ಐರಿಷ್ ರೈಲುದಾರಿ

ಮಕ್ಕಳಿರುವ ಮನೆಯಲ್ಲಿ ಆಟದ ಬಂಡಿಯಿಲ್ಲದಿರುವುದು ಅಪೂರ್ವ. ಶೂದ್ರಕ ಕವಿಯ ‘ಮೃಚ್ಛಕಟಿಕ’ ನಾಟಕಕ್ಕೆ ಆ ಹೆಸರು ಬಂದುದೇ ಒಂದು ಮಗುವಿನ ಮಣ್ಣಿನ ಬಂಡಿಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡ ಚಾರುದತ್ತನ ಮಗನು ತನ್ನ ಮಣ್ಣಿನ ಬಂಡಿಯನ್ನು ಒಲ್ಲದೆ ಅತ್ತನಷ್ಟೆ. ಆದರೆ ಬಂಡಿಯು ಚಿನ್ನದ್ದಾಗಲಿ ಮಣ್ಣಿನದಾಗಲಿ, ಎಳೆದ ಕಡೆಗೆ ಓಡುವುದೊಂದೇ ಅದರ ಗುಣವಾದರೆ ಅದು ಆಟಿಕೆಯೇ ಸರಿ. ಒಂದು ವಸ್ತುವಿನ ಆಕಾರವನ್ನು ಮಾತ್ರವಲ್ಲದೆ ಅದರ ಪ್ರಮಾಣವನ್ನೂ, ಅದು ನಡೆಯುವ ನಿಯಮವನ್ನೂ ಕಿರಿದಾಗಿ ತೋರಿಸಿದಾಗ ಅದು ಪ್ರತಿಕೃತಿಯೆನಿಸುತ್ತದೆ. ಈ ಎರಡಕ್ಕೂ ಇರುವ ಭೇದವನ್ನು ನಾನು ಅರಿತುದು ಅರುವತ್ತನೆಯ ವಯಸ್ಸಿನಲ್ಲಿ, ಐರ್ಲೆಂಡ್ ದೇಶದಲ್ಲಿ, ಒಂಬತ್ತು ವರ್ಷದ ಮೊಮ್ಮಗನ ಜೊತೆಗೂಡಿ ಹಲಗೆಯ ಮೇಲೊಂದು ರೈಲುದಾರಿಯನ್ನು ಕಟ್ಟಿದಾಗ.

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ, ಡಬ್ಲಿನ್ ನಗರದಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇರುವ ಸಂದರ್ಭ ಒದಗಿತು. ಅಲ್ಲಿ ಚಳಿಗಾಲದಲ್ಲಿ ಅಪರಾಹ್ಣ ನಾಲ್ಕೂವರೆಗೇ ಕತ್ತಲಾಗುತ್ತದೆ. ಮಳೆಯಂತೂ ಬಿಡುವಿಲ್ಲದೆ ಜಿನುಗುತ್ತಿರುತ್ತದೆ. ಹುಟ್ಟುಹಬ್ಬಕ್ಕೆಂದು ಮೊಮ್ಮಗನಿಗೆ ಕೊಡಿಸಿದ ಕಿರುರೈಲು ದುಂಡಗಿನ ಹಳಿಯ ಮೇಲೆ ಸುತ್ತಿ ಸುತ್ತಿ ಎರಡೇ ವಾರಗಳಲ್ಲಿ ಬೇಸರ ತರಿಸಿತು. ನೆರೆಮನೆಯಲ್ಲಿ ಒಬ್ಬ ವೃದ್ಧರಿದ್ದರು. ಅವರು ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ದುಡಿದು ನಿವೃತ್ತರಾದವರು. ಒಂದು ಸಂಜೆ ಚಹಕ್ಕೆ ಬಂದವರು ನೆಲದ ಮೇಲೆ ಸುತ್ತುತ್ತಿದ್ದ ಗಾಡಿಯನ್ನು ಸ್ವಲ್ಪ ಹೊತ್ತು ನೋಡಿ, “ಎಲ್ಲವೂ ಚೆನ್ನಾಗಿದೆ, ಆದರೆ ಇದಕ್ಕೆ ನಿಲ್ಲೆಂದು ಹೇಳುವವರು ಯಾರೂ ಇಲ್ಲವಲ್ಲ!” ಎಂದರು. ನಮ್ಮ ಕಾರ್ಯಕ್ಕೆ ಅದೇ ನಾಂದಿಯಾಯಿತು.

ಮೊದಲನೆಯದಾಗಿ ಹಳಿಗಳ ವಿಚಾರ. ಐರ್ಲೆಂಡಿನ ಪ್ರಥಮ ರೈಲುದಾರಿ ಡಬ್ಲಿನ್ನಿನಿಂದ ಕಿಂಗ್ಸ್‌ಟೌನಿಗೆ ೧೮೩೪ನೆಯ ಡಿಸೆಂಬರಿನಲ್ಲಿ ತೆರೆಯಿತು. ಆ ಕಿಂಗ್ಸ್‌ಟೌನಿಗೆ ಈಗ ಡನ್ ಲೇರಿ ಎಂದು ಹೆಸರು. ಅದರ ಹಳಿಗಳ ನಡುವಣ ಅಂತರ ಇಂಗ್ಲೆಂಡಿನಲ್ಲಿದ್ದಂತೆ ೪ ಅಡಿ ೮½ ಅಂಗುಲ. ಆದರೆ ಉತ್ತರದ ಅಲ್ಸ್ಟರ್ ಕಂಪೆನಿಯವರು ೬ ಅಡಿ ೨ ಅಂಗುಲದ ದಾರಿಯನ್ನೂ, ಡಬ್ಲಿನ್–ಡ್ರಾಹಡಾ ಕಂಪೆನಿಯವರು ೫ ಅಡಿ ೨ ಅಂಗುಲದ ದಾರಿಯನ್ನೂ ಹಾಕಿದರು. ಒಂದೇ ದ್ವೀಪದಲ್ಲಿ ಒಬ್ಬರ ಗಾಡಿ ಇನ್ನೊಬ್ಬರ ಹಳಿಯ ಮೇಲೆ ಓಡದಂತಾಯಿತು. ಈ ವ್ಯಾಜ್ಯವನ್ನು ಪರಿಹರಿಸುವ ಹೊಣೆಯು ಸರ್ಕಾರದ ಅಧಿಕಾರಿಯಾದ ಮೇಜರ್ ಜನರಲ್ ಪ್ಯಾಸ್ಲಿ ಎಂಬವರ ಮೇಲೆ ಬಿತ್ತು. ಅವರು ಎಂಜಿನಿಯರುಗಳ ಅಭಿಪ್ರಾಯಗಳನ್ನು ವಿಚಾರಿಸಿ, ೫ ಅಡಿ ೩ ಅಂಗುಲವೆಂಬ ಮಧ್ಯಮ ಮಾನವನ್ನು ಸೂಚಿಸಿದರು. ೧೮೪೬ರಲ್ಲಿ ಅದು ಶಾಸನವಾಯಿತು. ನಮ್ಮ ದೇಶದ ಅಗಲ ಹಳಿಯು ೫ ಅಡಿ ೬ ಅಂಗುಲವಾದುದರಿಂದ ಐರಿಷ್ ಹಳಿ ಅದಕ್ಕಿಂತ ಮೂರಂಗುಲ ಕಿರಿದು, ಇಂಗ್ಲಿಷ್ ಹಳಿಗಿಂತ ಆರೂವರೆ ಅಂಗುಲ ಹಿರಿದು.

ಈ ಲೆಕ್ಕವು ಪ್ರತಿಕೃತಿಯನ್ನು ಕಟ್ಟುವವರಿಗೆ ಬಹು ಮುಖ್ಯ. ಒಂದು ಅಡಿಗೆ ೪ ಮಿಲಿಮೀಟರು ಎಂಬುದು ಬಹು ಪ್ರಚಾರದಲ್ಲಿರುವ ಪ್ರಮಾಣ. ಅಂದರೆ ನಿಜವಾದ ವಸ್ತುವಿನ ೭೬ನೆಯ ಒಂದು ಭಾಗ. ಈ ಪ್ರಮಾಣದಲ್ಲಿ ಐರಿಷ್ ಹಳಿಗಳ ಅಂತರ ಸರಿಯಾಗಿ ೨೧ ಮಿಲಿಮೀಟರು. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಹಳಿಯ ಅಂತರವಾದರೋ ೧೬.೫ ಮಿಲಿಮೀಟರು. ನಾಲ್ಕೂವರೆ ಮಿಲಿಮೀಟರಿನ ವ್ಯತ್ಯಾಸವೇನು ಮಹಾ ಎಂದು ನಾನು ಮೊದಲು ಭಾವಿಸಿದ್ದೆನು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಅಗಲವಾದ ಭುಜಗಳುಳ್ಳ ಮನುಷ್ಯನು ಕಾಲು ಜೋಡಿಸಿಕೊಂಡು ನಿಂತಂತೆ ಅಂಗಡಿಯ ಗಾಡಿ ತೋರುತ್ತದೆ. ೨೧ ಮಿಲಿಮೀಟರಿನ ಹಳಿಯನ್ನು ಕೈಯಿಂದಲೇ ಹಾಕಬೇಕು. ಗಾಡಿಯ ಚಕ್ರಗಳನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಬೇಕು. ನಾವು ಮಾಡಿದುದು ಹಾಗೆಯೇ. ಹಾಗೆ ಮಾಡಲು ಅವಕಾಶವಿಲ್ಲದವರು ಅಂಗಡಿಯ ಹಳಿಯನ್ನೇ ಬಳಸಿದರೂ ದೋಷವಿಲ್ಲ. ಆದರೆ ಸಿಗ್ನಲುಗಳಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬಾರದೆಂಬುದು ನೆರೆಮನೆಯ ಹಿರಿಯರ ಮತ.

ಎರಡನೆಯದಾಗಿ ದೇಶಕಾಲಗಳನ್ನು ನಿಶ್ಚಯಿಸಬೇಕು. ಐರಿಷ್ ಸ್ವತಂತ್ರ ರಾಜ್ಯದಲ್ಲಿ ೧೯೨೫ರಲ್ಲಿ ಒಂದಾದ ಕಂಪೆನಿಗಳು ‘ಗ್ರೇಟ್ ಸದರ್ನ್ ರೈಲ್ವೇಸ್’ ಎನಿಸಿ, ೧೯೪೫ರಿಂದ ‘ಸಿ.ಐ.ಇ.’ ಎಂಬ ಸಂಸ್ಥೆಯಾದುವು. ಗಾಡಿಗಳ ಬಣ್ಣ, ಫಲಕಗಳ ಬರಹ, ಕೈಮರದ ರೂಪ, ಎಲ್ಲವೂ ಕಾಲಕಾಲಕ್ಕೆ ಬದಲಾದುವು. ನಾವು ೧೯೫೦ರ ದಶಕದ ಕೊನೆಯ ಭಾಗವನ್ನು ಆರಿಸಿಕೊಂಡೆವು. ಆಗ ಉಗಿಯಂತ್ರಗಳೂ ಹೊಸ ಡೀಸೆಲ್ ಯಂತ್ರಗಳೂ ಒಂದೇ ದಾರಿಯಲ್ಲಿ ಓಡುತ್ತಿದ್ದುವು. ನಮ್ಮ ನಿಲ್ದಾಣವು ಕಲ್ಪಿತವಾದುದು: ಒಂಟಿ ಹಳಿಯ ದಾರಿಯಲ್ಲಿ, ಎದುರುಬದುರಾಗಿ ಬರುವ ಎರಡು ಗಾಡಿಗಳು ಒಂದನ್ನೊಂದು ದಾಟಿಹೋಗಲು ಜೋಡಿ ಹಳಿಯುಳ್ಳ ಸಣ್ಣ ಹಳ್ಳಿಯ ನಿಲ್ದಾಣ. ಹನ್ನೆರಡು ಅಡಿ ಉದ್ದ, ಎರಡು ಅಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಇದಿಷ್ಟೂ ಅಡಗಬೇಕು. ಈ ಪ್ರಮಾಣದಲ್ಲಿ ಒಂದು ಮೈಲಿಯೆಂದರೆ ೨೧ ಮೀಟರಿಗೂ ಮಿಕ್ಕ ಉದ್ದ! ಹೀಗಿರಲು, ಯಾವುದನ್ನು ಬಿಡಬೇಕು ಯಾವುದನ್ನು ಉಳಿಸಬೇಕು ಎಂಬ ವಿವೇಕವೇ ಈ ಕಲೆಯ ಅರ್ಧಭಾಗ.

ಇನ್ನು ಕೈಮರದ ವಿಷಯ. ರೈಲಿನ ಸಿಗ್ನಲಿಗೆ ನಮ್ಮವರು ಇಟ್ಟ ಕೈಮರವೆಂಬ ಹೆಸರು ಎಷ್ಟು ಅನ್ವರ್ಥವಾಗಿದೆ! ಐರ್ಲೆಂಡಿನ ಕೈಮರವು ಬಹುಮಟ್ಟಿಗೆ ‘ಕೆಳಗಿಳಿಯುವ’ ಜಾತಿಯದು. ಕೈ ಅಡ್ಡವಾಗಿ ಚಾಚಿದ್ದರೆ ನಿಲ್ಲು. ಓರೆಯಾಗಿ ಕೆಳಗಿಳಿದರೆ ಹೋಗು. ಇಂಗ್ಲೆಂಡಿನಲ್ಲಿ ಅನಂತರದ ಕಾಲದಲ್ಲಿ ಹೆಚ್ಚಾಗಿ ಹರಡಿದುದು ಕೈ ಮೇಲಕ್ಕೆ ಏಳುವ ಜಾತಿ. ನಾನು ಅವಸರದಿಂದ ಒಂದು ಅಂಗಡಿಯಲ್ಲಿ ಕೊಂಡುತಂದ ನಾಲ್ಕು ಕೈಮರಗಳೂ ಈ ಎರಡನೆಯ ಜಾತಿಯವು. ಹಿರಿಯರು ಅವನ್ನು ನೋಡಿ ನಕ್ಕು, “ಇವು ಸಮುದ್ರ ದಾಟಿ ದಾರಿ ತಪ್ಪಿ ಬಂದಿವೆ” ಎಂದರು. ಕೊನೆಗೆ ನಾವೇ ಹಿತ್ತಾಳೆಯ ತಗಡನ್ನು ಕತ್ತರಿಸಿ ಕೈಗಳನ್ನು ಮಾಡಿಕೊಂಡೆವು. ನಾಲ್ಕಡಿಯ ಕೈಗೆ ೧೬ ಮಿಲಿಮೀಟರು, ಇಪ್ಪತ್ತನಾಲ್ಕಡಿಯ ಮರದ ಕಂಬಕ್ಕೆ ೯೬ ಮಿಲಿಮೀಟರು.

ಕೈಮರವನ್ನು ಅಲುಗಿಸುವ ತಂತಿಯು ಹರಿದುಹೋದರೆ ಏನು ಗತಿ? ಇದು ಮೊಮ್ಮಗನ ಪ್ರಶ್ನೆ. ಕೆಳಗಿಳಿಯುವ ಕೈಯು ತನ್ನ ಭಾರದಿಂದಲೇ ಇಳಿದು, ಅಪಾಯವಿದ್ದರೂ ಹೋಗೆಂದು ಹೇಳಬಹುದಲ್ಲವೇ? ಅದಕ್ಕಾಗಿಯೇ ಬಣ್ಣದ ಗಾಜುಗಳನ್ನು ಹಿಡಿದಿರುವ ಕಬ್ಬಿಣದ ಚೌಕಟ್ಟನ್ನು ಕೀಲಿನ ಆಚೆ ಭಾರವಾಗಿ ಮಾಡಿ, ಕಂಬದ ಬುಡದಲ್ಲಿಯೂ ಒಂದು ಗುಂಡನ್ನು ತೂಗಹಾಕಿರುತ್ತಾರೆ. ತಂತಿ ಹರಿದರೆ ಕೈ ತಾನಾಗಿ ಅಡ್ಡಕ್ಕೆ ಬರುತ್ತದೆ. ಕೆಟ್ಟರೂ ಕ್ಷೇಮದ ಕಡೆಗೆ ಕೆಡಬೇಕೆಂಬುದೇ ಇಲ್ಲಿಯ ಸೂತ್ರ. ಈ ಎಚ್ಚರಿಕೆಯೂ ಸಾಲದೆಂದು ೧೮೭೬ರ ಜನವರಿಯಲ್ಲಿ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಎಂಬಲ್ಲಿ ತಿಳಿದುಬಂದಿತು. ಅಲ್ಲಿ ಕಂಬದ ಸೀಳಿನೊಳಗೆ ಇಳಿದಿದ್ದ ಕೈಯು ಹಿಮದಿಂದ ಹೆಪ್ಪುಗಟ್ಟಿ ಮೇಲೇಳದೆ ಹೋಗಿ, ಗಾಡಿಗಳು ಒಂದಕ್ಕೊಂದು ತಾಕಿದುವು. ಅನಂತರ ಹುಟ್ಟಿದುದು ಕಂಬದಿಂದ ಹೊರಗೆ, ಕೈಯ ನಡುಮಧ್ಯದಲ್ಲಿ ಕೀಲುಳ್ಳ ‘ಸಾಮರ್ಸಾಲ್ಟ್’ ಎಂಬ ಲಾಗಹಾಕುವ ಕೈಮರ. ಐರ್ಲೆಂಡಿನ ಉತ್ತರಭಾಗದ ದಾರಿಗಳಲ್ಲಿ ಅದೂ ಬಹುಕಾಲ ಬಳಕೆಯಲ್ಲಿದ್ದಿತು. ಉತ್ತರದ ನಿಲ್ದಾಣವನ್ನು ಕಟ್ಟುವವರು ಅದನ್ನು ಮರೆಯಲಾಗದು.

ನಮ್ಮ ನಿಲ್ದಾಣಕ್ಕೆ ಒಂದೊಂದು ದಿಕ್ಕಿನಿಂದ ಬರುವ ಗಾಡಿಗೂ ಮೂರು ಕೈಮರಗಳು. ಮೊದಲನೆಯದು ದೂರದ ಎಚ್ಚರಿಕೆಯ ಕೈ. ಇದರ ತುದಿ ಮೀನಿನ ಬಾಲದಂತೆ ಸೀಳಿರುತ್ತದೆ. ಇದು ನಿಲ್ಲೆಂದು ಹೇಳುವುದಿಲ್ಲ. ‘ಮುಂದಿನ ಕೈ ಅಡ್ಡವಾಗಿರಬಹುದು, ನಿಲ್ಲಲು ಸಿದ್ಧನಾಗು’ ಎಂದಷ್ಟೇ ಹೇಳುತ್ತದೆ. ಎರಡನೆಯದು ನಿಲ್ದಾಣದೊಳಕ್ಕೆ ಬಿಡುವ ‘ಹೋಮ್’ ಕೈ. ಮೂರನೆಯದು ಹೊರಡಲು ಅಪ್ಪಣೆ ಕೊಡುವ ‘ಸ್ಟಾರ್ಟರ್’ ಕೈ. ಎಚ್ಚರಿಕೆಯ ಕೈ ಸಾವಿರ ಗಜ ದೂರದಲ್ಲಿರುವುದಾದರೆ ನಮ್ಮ ಪ್ರಮಾಣದಲ್ಲಿ ಹನ್ನೆರಡು ಮೀಟರು ಆಚೆಗೆ, ಅಂದರೆ ಬೀದಿಯಲ್ಲಿ ನಿಲ್ಲಬೇಕಾಗುತ್ತದೆ! ಅದನ್ನು ಹಲಗೆಯ ತುದಿಗೇ ತಂದು, ಅಲುಗಾಡದಂತೆ ಅಡ್ಡವಾಗಿಯೇ ನಿಲ್ಲಿಸಿದೆವು. ಹೀಗೆ ಸದಾ ಎಚ್ಚರಿಸುವ ಸ್ಥಿರಹಸ್ತಗಳು ನಿಜವಾದ ದಾರಿಯಲ್ಲಿಯೂ ಉಂಟು.

ರಾತ್ರಿಯ ದೀಪದಲ್ಲಿಯೂ ಒಂದು ಸೂಕ್ಷ್ಮವಿದೆ. ಹಳೆಯ ಕೈಮರದ ದೀಪ ಸೀಮೆಯೆಣ್ಣೆಯದು; ಅದರ ಜ್ವಾಲೆ ಹಳದಿ. ಆದುದರಿಂದ ಹಸುರು ಕಾಣಬೇಕಾದರೆ ಗಾಜು ನೀಲಿ ಛಾಯೆಯದಾಗಿರಬೇಕು; ಹಳದಿಯೂ ನೀಲಿಯೂ ಬೆರೆತು ಚಾಲಕನ ಕಣ್ಣಿಗೆ ಹಸುರಾಗುತ್ತದೆ. ಬಿಳಿಯ ಎಲ್.ಇ.ಡಿ. ದೀಪವನ್ನಿಟ್ಟರೆ ಆ ಗಾಜು ನೀಲಿಯಾಗಿಯೇ ತೋರುತ್ತದೆ. ಹಳದಿ ಛಾಯೆಯ ದೀಪವನ್ನೇ ಆರಿಸಬೇಕು. ದೀಪದ ಹಿಂಬದಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಕೈ ಅಡ್ಡವಾಗಿರುವಾಗ ಕ್ಯಾಬಿನ್ನಿನವನಿಗೆ ಅದರಲ್ಲಿ ಬಿಳಿಯ ಚುಕ್ಕೆ ಕಾಣುತ್ತದೆ. ಕೈ ಇಳಿದಾಗ ಅದು ಮುಚ್ಚಿಹೋಗುತ್ತದೆ. ಬೆನ್ನು ಕಾಣುವ ಕೈಮರದ ದೀಪ ಉರಿಯುತ್ತಿದೆಯೆಂದೂ, ಕೈ ಯಾವ ಸ್ಥಿತಿಯಲ್ಲಿದೆಯೆಂದೂ ಆತನು ಕತ್ತಲೆಯಲ್ಲಿ ತಿಳಿಯುವುದು ಇದರಿಂದ.

ಈ ಕೈಗಳನ್ನೆಲ್ಲ ಆಡಿಸುವ ಮನೆಯೇ ಸಿಗ್ನಲ್ ಕ್ಯಾಬಿನ್ನು. ಇಂಗ್ಲೆಂಡಿನಲ್ಲಿ ಇದಕ್ಕೆ ‘ಬಾಕ್ಸ್’ ಎನ್ನುತ್ತಾರೆ. ಐರ್ಲೆಂಡಿನಲ್ಲಿ ‘ಕ್ಯಾಬಿನ್’ ಎಂದೇ ರೂಢಿ. ಒಳಗೆ ಸಾಲಾಗಿ ಸನ್ನೆಗೋಲುಗಳು: ನಿಲ್ಲಿಸುವ ಕೈಮರದ್ದು ಕೆಂಪು, ಪಾಯಿಂಟಿನದು ಕಪ್ಪು, ಪಾಯಿಂಟಿನ ಬೀಗದ್ದು ನೀಲಿ, ಕೆಲಸವಿಲ್ಲದ್ದು ಬಿಳಿ. ನಮ್ಮದು ಹತ್ತು ಸನ್ನೆಗೋಲುಗಳ ಕ್ಯಾಬಿನ್ನು: ನಾಲ್ಕು ಕೆಂಪು, ಎರಡು ಕಪ್ಪು, ಎರಡು ನೀಲಿ, ಎರಡು ಬಿಳಿ. ಪಾಯಿಂಟು ಸರಿಯಾಗಿ ತಿರುಗಿ ಬೀಗ ಬೀಳುವವರೆಗೆ ಕೈಮರದ ಸನ್ನೆಗೋಲು ಅಲುಗದು. ಕೈಮರ ಇಳಿದ ಮೇಲೆ ಪಾಯಿಂಟು ಅಲುಗದು. ಸನ್ನೆಗೋಲುಗಳಿಗೆ ಹೀಗೆ ಪರಸ್ಪರ ಬಂಧನವನ್ನು ಕಲ್ಪಿಸುವ ಏರ್ಪಾಡಿಗೆ ೧೮೫೬ರಲ್ಲಿ ಜಾನ್ ಸ್ಯಾಕ್ಸ್‌ಬಿ ಎಂಬ ಆಂಗ್ಲೇಯನು ಸನ್ನದು ಪಡೆದನು. ನಾವು ಅದನ್ನು ಹಿತ್ತಾಳೆಯ ಪಟ್ಟಿಗಳಿಂದ ಮಾಡಿದೆವು. ಪ್ರತಿ ಸನ್ನೆಗೋಲಿಗೂ ಒಂದು ಪಟ್ಟಿ, ಪಟ್ಟಿಯ ಅಂಚಿನಲ್ಲಿ ಒಂದು ಕಚ್ಚು. ಎರಡು ಪಟ್ಟಿಗಳ ನಡುವೆ ಅಡ್ಡಲಾಗಿ ಜಾರುವ ಒಂದು ಸಣ್ಣ ತುಂಡು. ಒಂದು ಪಟ್ಟಿಯನ್ನೆಳೆದರೆ ಆ ತುಂಡು ಜಾರಿ ಮತ್ತೊಂದರ ಕಚ್ಚಿನೊಳಗೆ ಕುಳಿತು ಅದನ್ನು ಬಂಧಿಸುತ್ತದೆ. ಅರವನ್ನು ಹಿಡಿದು ಈ ಕಚ್ಚುಗಳನ್ನು ಉಜ್ಜುವುದರಲ್ಲಿಯೇ ಮೂರು ವಾರಗಳು ಕಳೆದುವು. ವ್ಯಾಕರಣದ ಒಂದು ಸೂತ್ರವು ಇನ್ನೊಂದನ್ನು ಬಾಧಿಸುವ ಕ್ರಮವನ್ನು ಹುಡುಗರಿಗೆ ಮೂವತ್ತು ವರ್ಷ ಹೇಳಿಕೊಟ್ಟ ನನಗೆ, ಅದನ್ನು ಲೋಹದಲ್ಲಿ ಕಂಡು ಬಹಳ ಸಂತೋಷವಾಯಿತು.

ಈ ಮಧ್ಯೆ ನಡೆದ ಒಂದು ಪ್ರಸಂಗವನ್ನು ಹೇಳಲೇಬೇಕು. ಹಲಗೆಯ ಒಂದು ತುದಿಯಲ್ಲಿ ಸಣ್ಣ ಏರನ್ನು ಕಟ್ಟಿದ್ದೆವು. ಒಂದು ದಿನ ಎಂಜಿನ್ನು ಉದ್ದವಾದ ಗಾಡಿಯನ್ನು ಅಲ್ಲಿ ಏರಿಸಲಾರದೆ ನಿಂತಿತು. ಮೊಮ್ಮಗನು ಹಿಂದಿನ ಡಬ್ಬಿಗಳನ್ನು ಬಿಚ್ಚಿ ಅಲ್ಲಿಯೇ ಬಿಟ್ಟು, ಮುಂದಿನ ಭಾಗವನ್ನು ಓಡಿಸಿದನು. ಬಿಟ್ಟ ಡಬ್ಬಿಗಳು ಮೆಲ್ಲನೆ ಜಾರಿ, ವೇಗಗೊಂಡು, ಕೆಳಗೆ ನಿಂತಿದ್ದ ಇನ್ನೊಂದು ಗಾಡಿಗೆ ಬಡಿದು ನೆಲಕ್ಕುರುಳಿದುವು. ಹುಡುಗನು ಕೈತಟ್ಟಿ ನಕ್ಕನು, ನಾನೂ ನಕ್ಕೆನು. ಹಿರಿಯರು ಮಾತ್ರ ನಗಲಿಲ್ಲ. ಬಗ್ಗಿ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲಿರಿಸಿ, “ಇದು ಆರ್ಮಾದಲ್ಲಿ ಹೀಗೆಯೇ ನಡೆಯಿತು” ಎಂದು ಹೇಳಿ ಕುಳಿತರು.

ಅವರು ಹೇಳಿದ ವೃತ್ತಾಂತವಿದು. ೧೮೮೯ನೆಯ ಇಸವಿ ಜೂನ್ ೧೨ರಂದು ಐರ್ಲೆಂಡಿನ ಉತ್ತರದ ಆರ್ಮಾ ಪಟ್ಟಣದಿಂದ ಸಮುದ್ರತೀರದ ವಾರನ್‌ಪಾಯಿಂಟಿಗೆ ಭಾನುವಾರದ ಧರ್ಮಪಾಠಶಾಲೆಯ ಮಕ್ಕಳೂ ಅವರ ಹಿರಿಯರೂ ವಿಹಾರಕ್ಕೆಂದು ವಿಶೇಷ ರೈಲಿನಲ್ಲಿ ಹೊರಟರು. ಗಾಡಿ ಬಹಳ ಉದ್ದ, ಏರು ಬಹಳ ಕಡಿದು, ಎಂಜಿನ್ನು ಅಶಕ್ತ. ಏರಿನ ನೆತ್ತಿಯ ಸಮೀಪದಲ್ಲಿ ಗಾಡಿ ನಿಂತುಹೋಯಿತು. ಗಾಡಿಯನ್ನು ಎರಡು ಭಾಗ ಮಾಡಿ, ಮುಂದಿನದನ್ನು ಮೊದಲು ಸಾಗಿಸಿ, ಮತ್ತೆ ಬಂದು ಹಿಂದಿನದನ್ನು ಒಯ್ಯುವುದೆಂದು ನಿಶ್ಚಯಿಸಿದರು. ಅದರ ಬ್ರೇಕು ಗಾಡಿ ಬೇರ್ಪಟ್ಟರೆ ತಾನಾಗಿ ಹಿಡಿಯುವಂತಹುದಲ್ಲ, ಬೇರ್ಪಟ್ಟೊಡನೆ ನಿಷ್ಫಲವಾಗುವಂತಹುದು. ಹಿಂದಿನ ಭಾಗಕ್ಕೆ ಗಾರ್ಡಿನ ಕೈಬ್ರೇಕೂ, ಚಕ್ರಗಳಡಿಯಿಟ್ಟ ಕಲ್ಲುಗಳೂ ಮಾತ್ರ ಆಧಾರವಾದುವು. ಮುಂದಿನ ಭಾಗ ಹೊರಡುವಾಗ ಸ್ವಲ್ಪ ಹಿಂದಕ್ಕೆ ಸರಿದು ತಾಕಿತು, ಕಲ್ಲುಗಳು ಪುಡಿಯಾದುವು. ಮಕ್ಕಳು ತುಂಬಿದ್ದ ಡಬ್ಬಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡಿದುವು. ಆಗ ಆ ದಾರಿಯಲ್ಲಿ, ಒಂದು ಗಾಡಿ ಹೋಗಿ ಇಷ್ಟು ನಿಮಿಷವಾದ ಮೇಲೆ ಇನ್ನೊಂದನ್ನು ಬಿಡಬಹುದು ಎಂಬ ಪದ್ಧತಿಯಿದ್ದಿತು. ಮುಂದಿನ ಗಾಡಿ ಆಚೆಯ ನಿಲ್ದಾಣವನ್ನು ಮುಟ್ಟಿತೇ ಎಂದು ಕೇಳುವ ನಿಯಮವಿರಲಿಲ್ಲ. ಹಾಗೆ ಬಿಟ್ಟ ಮತ್ತೊಂದು ರೈಲು ಅದೇ ಏರನ್ನು ಹತ್ತಿ ಬರುತ್ತಿತ್ತು. ಸುಮಾರು ಎಂಬತ್ತು ಮಂದಿ ಸತ್ತರು. ಅವರಲ್ಲಿ ಮಕ್ಕಳು ಬಹಳ.

ಅದೇ ವರ್ಷ ಪಾರ್ಲಿಮೆಂಟು ಶಾಸನವನ್ನು ಮಾಡಿತು. ಒಂದು ಗಾಡಿ ಮುಂದಿನ ಠಾಣ್ಯವನ್ನು ಬಿಟ್ಟಿತೆಂಬುದು ಖಚಿತವಾಗುವ ತನಕ ಮತ್ತೊಂದನ್ನು ಬಿಡಬಾರದು. ಪಾಯಿಂಟಿಗೂ ಕೈಮರಕ್ಕೂ ಪರಸ್ಪರ ಬಂಧನವಿರಬೇಕು. ಪ್ರಯಾಣಿಕರ ಗಾಡಿ ಬೇರ್ಪಟ್ಟರೆ ತಾನಾಗಿ ಹಿಡಿಯುವ ಬ್ರೇಕು ಉದ್ದಕ್ಕೂ ಇರಬೇಕು. ಈ ಮೂರು ನಿಯಮಗಳೂ ಮೊದಲೇ ತಿಳಿದಿದ್ದ ವಿದ್ಯೆಗಳೇ. ಹಣದ ಲೆಕ್ಕದಲ್ಲಿ ಅವನ್ನು ಮುಂದಕ್ಕೆ ಹಾಕುತ್ತಿದ್ದರು.

ನಿಯಮವಾದ ಮೇಲೆಯೂ, ಅದು ಮುಟ್ಟದೆ ಉಳಿದ ಸ್ಥಳದಲ್ಲಿ ಅಪಾಯ ಕಾದಿರುತ್ತದೆ. ೧೯೮೦ನೆಯ ಆಗಸ್ಟ್ ೧ರಂದು ಡಬ್ಲಿನ್ನಿನಿಂದ ಕಾರ್ಕ್ ನಗರಕ್ಕೆ ಓಡುತ್ತಿದ್ದ ವೇಗದ ರೈಲು ಬಟವಂಟ್ ನಿಲ್ದಾಣದಲ್ಲಿ ಮುಖ್ಯ ಹಳಿಯನ್ನು ಬಿಟ್ಟು ಪಕ್ಕದ ಹಳಿಗೆ ನುಗ್ಗಿ ಉರುಳಿತು. ಹದಿನೆಂಟು ಮಂದಿ ಸತ್ತರು. ಅಲ್ಲಿಯ ಪಾಯಿಂಟು ನೆಲದಲ್ಲಿ ನಿಂತು ಕೈಯಿಂದ ತಿರುಗಿಸುವಂತಹುದು. ಕ್ಯಾಬಿನ್ನಿನ ಬಂಧನಕ್ಕೆ ಅದನ್ನು ಇನ್ನೂ ಸೇರಿಸಿರಲಿಲ್ಲ. ಕೈಮರವು ಹೋಗೆಂದಿತು, ಪಾಯಿಂಟು ಬೇರೆ ಕಡೆಗೆ ತಿರುಗಿತ್ತು. ನಾವು ಮೂರು ವಾರ ಅರದಿಂದ ಉಜ್ಜಿದ ಕಚ್ಚುಗಳಿಗೆ ಎಷ್ಟು ಬೆಲೆಯೆಂಬುದು ನನಗೆ ಆ ಸಂಜೆ ತಿಳಿಯಿತು.

ಒಂಟಿ ಹಳಿಯ ದಾರಿಗೆ ಇನ್ನೊಂದು ರಕ್ಷೆಯುಂಟು: ವಿದ್ಯುತ್ತಿನ ‘ಸ್ಟಾಫ್’ ಎಂಬ ಕೋಲು. ಐರ್ಲೆಂಡಿನಲ್ಲಿ ಇದು ಬಹು ವ್ಯಾಪಕವಾಗಿ ಬಳಕೆಯಲ್ಲಿದ್ದಿತು. ಎರಡು ನಿಲ್ದಾಣಗಳಲ್ಲಿಯೂ ಒಂದೊಂದು ಎತ್ತರವಾದ ಯಂತ್ರ, ಅದರಲ್ಲಿ ಮೊಳಕ್ಕೂ ಮಿಕ್ಕ ಉದ್ದದ ಲೋಹದ ಕೋಲುಗಳು. ಆಚೆಯವನು ಒಪ್ಪಿ ವಿದ್ಯುತ್ತನ್ನು ಕಳುಹಿಸಿದ ಹೊರತು ಈಚೆಯವನಿಗೆ ಕೋಲು ಹೊರಬಾರದು. ಒಂದು ಹೊರಬಂದಿರುವಾಗ ಎರಡು ಕಡೆಯಲ್ಲಿಯೂ ಮತ್ತೊಂದು ಬಾರದು. ಆ ಕೋಲು ಕೈಯಲ್ಲಿರುವ ಚಾಲಕನಿಗೆ ಮಾತ್ರ ಆ ದಾರಿ. ಇದನ್ನು ಕೇಳಿದಾಗ ನನ್ನ ಬಾಲ್ಯದ ಅರಸೀಕೆರೆ ಕಡೆಯ ಸಣ್ಣ ಮೀಟರ್ ಗೇಜ್ ನಿಲ್ದಾಣವು ಕಣ್ಮುಂದೆ ನಿಂತಿತು. ಅಲ್ಲಿಯೂ ಓಡುವ ಎಂಜಿನ್ನಿಗೆ ಬೆತ್ತದ ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿಯುತ್ತಿದ್ದರು. ಅದರ ಚೀಲದಲ್ಲಿ ಒಂದು ಲೋಹದ ಗುಂಡು. ಅದೇತಕ್ಕೆಂದು ಆಗ ನಾನು ಯಾರನ್ನೂ ಕೇಳಿರಲಿಲ್ಲ. ಕೋಲಿನ ಬದಲು ಗುಂಡು, ಧರ್ಮವೊಂದೇ. ನಮ್ಮ ಹಲಗೆಗೆ ನಾವು ಎರಡು ಗಂಟೆಗಳನ್ನೂ, ಹಿತ್ತಾಳೆಯ ಒಂದೇ ಒಂದು ಕಡ್ಡಿಯನ್ನೂ ಇಟ್ಟುಕೊಂಡೆವು. ಕಡ್ಡಿ ಯಾರ ಕೈಯಲ್ಲಿದೆಯೋ ಅವರ ಗಾಡಿ ಮಾತ್ರ ಹೊರಡಬೇಕು.

ಡಬ್ಲಿನ್ನಿನ ಉತ್ತರಕ್ಕಿರುವ ಮ್ಯಾಲಹೈಡ್ ಎಂಬಲ್ಲಿಗೆ ಹೋಗುವವರು, ‘ಕಸೀನೋ’ ಎಂಬ ಹುಲ್ಲುಮಾಡಿನ ಹಳೆಯ ಮನೆಯಲ್ಲಿ ೨೦೨೦ರಿಂದ ಇರುವ ಕಿರುರೈಲುಗಳ ಸಂಗ್ರಹವನ್ನು ನೋಡಬೇಕು. ಇಂಚಿಕೋರ್ ರೈಲ್ವೆ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ ಸಿರಿಲ್ ಫ್ರೈ ಎಂಬವರು ತಮ್ಮ ಬಿಡುವಿನ ವೇಳೆಯಲ್ಲಿ ಕೈಯಾರೆ ಮಾಡಿದ ಗಾಡಿಗಳವು. ಅಂತಹ ನೈಪುಣ್ಯ ನಮಗಿಲ್ಲ, ಇರಬೇಕಾದುದೂ ಇಲ್ಲ. ಗೃಹಸ್ಥರಿಗೆ ನಾನು ಹೇಳುವುದಿಷ್ಟೆ: ಗಾಡಿಗಳು ಎರಡೇ ಇರಲಿ, ನಿಲ್ದಾಣ ಒಂದೇ ಇರಲಿ. ಬೆಟ್ಟವನ್ನು ಹಳೆಯ ಕಾಗದವನ್ನು ಅರೆದು ಮಾಡಿರಿ, ಹುಲ್ಲನ್ನು ಮರದ ಹೊಟ್ಟಿಗೆ ಬಣ್ಣ ಹಾಕಿ ಮಾಡಿರಿ. ಆದರೆ ಕೈಮರವನ್ನು ಅಲಂಕಾರಕ್ಕೆಂದು ನೆಡಬೇಡಿರಿ. ಅದು ಏತಕ್ಕಾಗಿ ಅಲ್ಲಿ ನಿಂತಿದೆಯೆಂಬುದನ್ನು ಮಗುವಿಗೆ ಹೇಳಿ ಅನಂತರ ನೆಡಿರಿ.

ನಾನು ಊರಿಗೆ ಹೊರಡುವ ಹಿಂದಿನ ಸಂಜೆ ಹಿರಿಯರೂ ನಾವೂ ಕೊನೆಯ ಸಲ ಗಾಡಿ ಬಿಟ್ಟೆವು. ಊಟಕ್ಕೆ ಹೊತ್ತಾಗಿತ್ತು, ಮಗಳು ಎರಡು ಸಲ ಕೂಗಿದ್ದಳು. ಹಳಿ ಖಾಲಿಯಾಗಿರುವುದು ಕಣ್ಣಿಗೆ ಕಾಣುತ್ತಲೇ ಇತ್ತು. ಕಡ್ಡಿಗಾಗಿ ಕಾಯದೆ ನಾನು ಗಾಡಿಯನ್ನು ಹೊರಡಿಸಲು ಕೈಯಿಟ್ಟೆನು. ಮೊಮ್ಮಗನು ಹಲಗೆಯ ಆ ತುದಿಯಿಂದ, “ತಾತ, ನೀವು ಗಂಟೆ ಹೊಡೆಯಲೇ ಇಲ್ಲವಲ್ಲ!” ಎಂದನು. “ದಾರಿ ಖಾಲಿಯಿದೆಯಲ್ಲ ಮಗು” ಎಂದೆನು. “ಆರ್ಮಾದಲ್ಲಿಯೂ ಹಾಗೇ ಅಂದುಕೊಂಡಿದ್ದರಲ್ಲ ತಾತ?” ಎಂದನು ಅವನು.

ಹಿರಿಯರು ನನ್ನ ಮುಖವನ್ನು ನೋಡಿದರು. ನಾನು ಗಾಡಿಯಿಂದ ಕೈತೆಗೆದು, ಗಂಟೆ ಹೊಡೆದು, ಕಾದೆನು.